ಡೆಂಗ್ಯೂ ಟೆಸ್ಟ್ ಮಾಡಿಸುವ ಮೊದಲು ಜ್ವರದ ದಿನ ಎಣಿಸಿ

ಮಳೆ ಹಿಡಿದು ಎರಡು ವಾರ ಆದರೆ ಸಾಕು, ನಮ್ಮ ಲ್ಯಾಬಿನ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ನಾಲ್ಕೈದು ಜನ ಕೂತಿರುತ್ತಾರೆ. ಒಬ್ಬರು ಶಾಲು ಹೊದ್ದು ಮುದುಡಿರುತ್ತಾರೆ, ಇನ್ನೊಬ್ಬರ ಹೆಗಲ ಮೇಲೆ ಮಗು ಮಲಗಿರುತ್ತದೆ. ಎಲ್ಲರದ್ದೂ ಒಂದೇ ಮಾತು: "ಮೇಡಂ, ಡೆಂಗ್ಯೂ ಟೆಸ್ಟ್ ಮಾಡಿಬಿಡಿ." ನಾನು ಕೇಳುವುದೂ ಒಂದೇ: "ಜ್ವರ ಬಂದು ಎಷ್ಟು ದಿನ ಆಯ್ತು?"

ಇದಕ್ಕೆ ಥಟ್ಟನೆ ಉತ್ತರ ಬರುವುದು ಅಪರೂಪ. "ಮೊನ್ನೆಯಿಂದ" ಅನ್ನುತ್ತಾರೆ ಗಂಡ. "ಅಲ್ಲ ಕಣ್ರೀ, ಶುಕ್ರವಾರ ಸಂತೆಯಿಂದ ಬಂದಾಗಲೇ ಮೈ ಬಿಸಿ ಇತ್ತಲ್ಲ" ಅನ್ನುತ್ತಾರೆ ಹೆಂಡತಿ. ಆಗಲೇ ಎರಡು ದಿನದ ವ್ಯತ್ಯಾಸ ಬಂತು. ಆ ಎರಡು ದಿನಕ್ಕೆ ಮಾಡಬೇಕಾದ ಟೆಸ್ಟೇ ಬೇರೆ ಆಗಬಹುದು. ಟೆಸ್ಟ್ ಅದೇ ಇದ್ದರೂ "ನೆಗೆಟಿವ್" ಅನ್ನುವ ಮಾತಿನ ಅರ್ಥ ಬದಲಾಗಬಹುದು.

ಲ್ಯಾಬ್ ಟೆಕ್ನಿಷಿಯನ್ ಆಗಿ ಹತ್ತಾರು ಮಳೆಗಾಲ ಕಳೆದಿದ್ದೇನೆ. ನಾನು ಡಾಕ್ಟರ್ ಅಲ್ಲ, ಔಷಧಿ ಹೇಳುವುದು ನನ್ನ ಕೆಲಸವೂ ಅಲ್ಲ. ಯಾವ ದಿನ ಯಾವ ಟೆಸ್ಟ್, ರಕ್ತ ಕೊಡುವಾಗ ಏನು ನೋಡಿಕೊಳ್ಳಬೇಕು, ಆ ಕಾಗದ ಕೈಗೆ ಬಂದಾಗ ಹೇಗೆ ಓದಬೇಕು, ಇಷ್ಟನ್ನು ಧೈರ್ಯವಾಗಿ ಹೇಳಬಲ್ಲೆ.

ಮೊದಲು ಕ್ಯಾಲೆಂಡರ್ ಹತ್ತಿರ ಹೋಗಿ

ಮನೆಯಲ್ಲಿ ಯಾರಿಗಾದರೂ ಜ್ವರ ಬಂದ ದಿನವೇ ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಕಿಗೆ ಒಂದು ಸುತ್ತು ಹಾಕಿ. ಅದು ಮೊದಲನೇ ದಿನ. ಮರುದಿನ ಎರಡನೇದು. ರಾತ್ರಿ ಹನ್ನೊಂದಕ್ಕೆ ಮೈ ಬಿಸಿಯಾಗಿದ್ದರೂ ಆ ದಿನವನ್ನು ಲೆಕ್ಕಕ್ಕೆ ಹಿಡಿಯಿರಿ. ಮಾತ್ರೆ ನುಂಗಿ ಮಧ್ಯೆ ಅರ್ಧ ದಿನ ಜ್ವರ ಬಿಟ್ಟಿತ್ತು ಅಂತ ಎಣಿಕೆ ನಿಲ್ಲಿಸಬೇಡಿ.

ಥರ್ಮಾಮೀಟರ್ ಇದ್ದರೆ ಬೆಳಿಗ್ಗೆ, ಸಂಜೆ ಎಷ್ಟಿತ್ತು ಅಂತ ಪಕ್ಕದಲ್ಲೇ ಬರೆದಿಡಿ. ಡಾಕ್ಟರಿಗೂ ಇದು ಬೇಕಾಗುತ್ತದೆ.

ರಕ್ತದಲ್ಲಿ ನಾವು ಹುಡುಕುವುದು ಮೂರು

ಜನ "ಡೆಂಗ್ಯೂ ಟೆಸ್ಟ್" ಅಂತ ಒಂದೇ ಹೆಸರಲ್ಲಿ ಕರೆಯುವುದು ನಿಜಕ್ಕೂ ಮೂರು ಬೇರೆ ಬೇರೆ ಹುಡುಕಾಟ. ಎನ್‌ಎಸ್1, ಐಜಿಎಂ, ಐಜಿಜಿ.

ಎನ್‌ಎಸ್1 ಅನ್ನುವುದು ವೈರಸ್ಸಿನದೇ ಒಂದು ಪ್ರೋಟೀನ್. ವೈರಸ್ ಮೈಯೊಳಗೆ ಹೆಚ್ಚುತ್ತಾ ಹೋದಂತೆ ಇದು ರಕ್ತಕ್ಕೆ ಸುರಿಯುತ್ತಿರುತ್ತದೆ. ಕಳ್ಳ ಇನ್ನೂ ಮನೆಯೊಳಗೇ ಇದ್ದಾನೆ ಅನ್ನುವುದಕ್ಕೆ ಸಾಕ್ಷಿ. ಜ್ವರದ ಮೊದಲ ದಿನದಿಂದಲೇ ಸಿಗುತ್ತದೆ, ಐದಾರು ದಿನ ಕಳೆದ ಮೇಲೆ ಕಡಿಮೆಯಾಗುತ್ತಾ ಹೋಗುತ್ತದೆ.

ಉಳಿದ ಎರಡೂ ಪ್ರತಿಕಾಯಗಳು, ಅಂದರೆ ಆಂಟಿಬಾಡಿಗಳು. ಇವು ವೈರಸ್ಸಿನವಲ್ಲ, ಅದನ್ನು ಎದುರಿಸಲು ನಿಮ್ಮ ದೇಹವೇ ತಯಾರಿಸಿದ್ದು. ಐಜಿಎಂ ಮೊದಲ ಪಡೆ. ಆದರೆ ಪಡೆ ಕಟ್ಟಲು ದೇಹಕ್ಕೆ ಸ್ವಲ್ಪ ಸಮಯ ಬೇಕು. ಜ್ವರದ ಮೂರನೇ ದಿನದಿಂದ ಐದನೇ ದಿನದೊಳಗೆ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಇದು ಕಾಣಿಸುತ್ತದೆ. ಐದನೇ ದಿನಕ್ಕೆ ನೂರಕ್ಕೆ 80 ಜನರಲ್ಲಿ, ಹತ್ತನೇ ದಿನಕ್ಕೆ ಬಹುತೇಕ ಎಲ್ಲರಲ್ಲೂ ಇರುತ್ತದೆ. ಎರಡು ವಾರದ ಹೊತ್ತಿಗೆ ತುಂಬಾ ಜಾಸ್ತಿ ಇರುತ್ತದೆ, ಆಮೇಲೆ ಎರಡು ಮೂರು ತಿಂಗಳಲ್ಲಿ ಮೆಲ್ಲಗೆ ಇಳಿಯುತ್ತದೆ.

ಐಜಿಜಿ ಹಳೇ ನೆನಪಿನ ಹಾಗೆ. ಮೊದಲ ಸಲ ಡೆಂಗ್ಯೂ ಬಂದವರಲ್ಲಿ ಇದು ಮೊದಲ ವಾರದ ಕೊನೆಗೆ ಸ್ವಲ್ಪ ಸ್ವಲ್ಪವೇ ಹುಟ್ಟುತ್ತದೆ, ವರ್ಷಗಟ್ಟಲೆ, ಕೆಲವರಲ್ಲಿ ಜೀವನಪೂರ್ತಿ ಉಳಿಯುತ್ತದೆ. ಹಿಂದೆ ಒಮ್ಮೆ ಬಂದು ಹೋದವರಿಗೆ ಮತ್ತೆ ಬಂದರೆ ಕಥೆ ಬೇರೆ. ಹಳೆಯ ಪಡೆ ನಿದ್ದೆಯಿಂದ ಎದ್ದ ಹಾಗೆ ಐಜಿಜಿ ಮೊದಲ ಕೆಲವೇ ದಿನಗಳಲ್ಲಿ ಸರ್ರನೆ ಏರಿಬಿಡುತ್ತದೆ. ಐಜಿಎಂ ಮಾತ್ರ ಕಡಿಮೆ ಇರುತ್ತದೆ, ಒಮ್ಮೊಮ್ಮೆ ಕಾಣಿಸುವುದೇ ಇಲ್ಲ.

ಮತ್ತೆ ಬರುತ್ತಾ ಅಂತ ಕೇಳುವವರು ತುಂಬಾ ಜನ. ಬರುತ್ತದೆ. ಡೆಂಗ್ಯೂ ವೈರಸ್ಸಿನಲ್ಲಿ ನಾಲ್ಕು ಬಗೆ ಇವೆ. ಒಂದು ಬಂದು ಹೋದರೆ ಅದೇ ಬಗೆಯಿಂದ ದೀರ್ಘಕಾಲ ರಕ್ಷಣೆ ಸಿಗುತ್ತದೆ, ಉಳಿದ ಮೂರರಿಂದ ಕೆಲವು ತಿಂಗಳು ಮಾತ್ರ. ಎರಡನೇ ಸಲ ಬೇರೆ ಬಗೆ ತಗುಲಿದಾಗ ಕಾಯಿಲೆ ಜೋರಾಗುವ ಅಪಾಯವೂ ಹೆಚ್ಚು. ಹಳೆಯ ಪ್ರತಿಕಾಯಗಳು ಹೊಸ ಬಗೆಯನ್ನು ಹಿಡಿಯುತ್ತವೆ, ಆದರೆ ಕೊಲ್ಲಲಾರವು. ಬದಲಿಗೆ ಅದನ್ನು ಜೀವಕೋಶದೊಳಗೆ ಹೋಗಲು ಕೈಹಿಡಿದು ಕರೆದುಕೊಂಡು ಹೋದಂತಾಗುತ್ತದೆ.

ಯಾವ ದಿನ ಯಾವುದು

ಒಂದರಿಂದ ಐದನೇ ದಿನದವರೆಗೆ ಎನ್‌ಎಸ್1 ಮಾಡಿಸಿ. ಐದು ದಿನ ದಾಟಿದ್ದರೆ ಐಜಿಎಂ. ಸರ್ಕಾರಿ ಆಸ್ಪತ್ರೆಗಳಲ್ಲಿ ಅನುಸರಿಸುವ ಲೆಕ್ಕವೂ ಇದೇ. ನಾಲ್ಕು, ಐದು, ಆರನೇ ದಿನ ಸ್ವಲ್ಪ ಎಡಬಿಡಂಗಿ. ವೈರಸ್ಸಿನ ಪ್ರೋಟೀನ್ ಇಳಿಯುತ್ತಿರುತ್ತದೆ, ಪ್ರತಿಕಾಯ ಇನ್ನೂ ಏರುತ್ತಿರುತ್ತದೆ. ಆಗ ಎರಡನ್ನೂ ಒಟ್ಟಿಗೆ ಮಾಡಿಸುವುದು ವಾಸಿ.

ಎರಡನೇ ದಿನ ಬಂದು "ಐಜಿಎಂ ಮಾತ್ರ ಮಾಡಿ" ಅನ್ನುವವರಿದ್ದಾರೆ. ಚೀಟಿಯಲ್ಲಿ ಹಾಗೇ ಬರೆದಿರುತ್ತದೆ, ಇಲ್ಲವೇ ಪಕ್ಕದ ಮನೆಯವರು ಹೇಳಿರುತ್ತಾರೆ. ದುಡ್ಡು ತೆಗೆದುಕೊಂಡು ಮಾಡಿಕೊಡಬಹುದು, ನೆಗೆಟಿವ್ ಅಂತ ಕಾಗದವೂ ಸಿಗುತ್ತದೆ. ಆ ಕಾಗದದಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಬೀಜ ಹಾಕಿದ ಮರುದಿನ ಹೊಲಕ್ಕೆ ಹೋಗಿ ಬೆಳೆ ಬಂದಿಲ್ಲ ಅಂದ ಹಾಗೆ.

ನನ್ನ ಮನೆಯಲ್ಲೇ ಹೀಗಾಗಿದೆ. ತಮ್ಮನಿಗೆ ಜ್ವರ ಬಂದಾಗ ಅವನು ಬೇರೆ ಊರಿನಲ್ಲಿದ್ದ. ಮೂರನೇ ದಿನ ಅಲ್ಲಿನ ಒಂದು ಲ್ಯಾಬಿನಲ್ಲಿ ಐಜಿಎಂ, ಐಜಿಜಿ ಎರಡೇ ಇರುವ ಕಾರ್ಡಿನಲ್ಲಿ ಪರೀಕ್ಷೆ ಮಾಡಿ "ಡೆಂಗ್ಯೂ ನೆಗೆಟಿವ್" ಅಂತ ದಪ್ಪ ಅಕ್ಷರದಲ್ಲಿ ಪ್ರಿಂಟ್ ಕೊಟ್ಟರು. ಅವನು ಆ ಫೋಟೋವನ್ನು ವಾಟ್ಸಾಪಿನಲ್ಲಿ ಕಳಿಸಿ ಹೆಬ್ಬೆರಳು ಎತ್ತಿದ. ಎನ್‌ಎಸ್1 ಎಲ್ಲಿ ಅಂತ ಕೇಳಿದೆ. "ಅದೇನೋ ಗೊತ್ತಿಲ್ಲ, ನೆಗೆಟಿವ್ ಬಂದಿದೆಯಲ್ಲ" ಅಂದ. ಏಳನೇ ದಿನ ಅವನನ್ನು ಡ್ರಿಪ್ ಹಾಕಿ ಮಲಗಿಸಿದ್ದರು, ಐಜಿಎಂ ಜೋರಾಗಿ ಪಾಸಿಟಿವ್ ಇತ್ತು. ಕಾರ್ಡಿನ ತಪ್ಪೇನೂ ಇರಲಿಲ್ಲ. ಆ ದಿನಕ್ಕೆ ಆ ಟೆಸ್ಟ್ ಹೊಂದುತ್ತಿರಲಿಲ್ಲ, ಅದನ್ನು ಅವನಿಗೆ ಯಾರೂ ಹೇಳಿರಲಿಲ್ಲ.

ಕಾರ್ಡ್ ಟೆಸ್ಟಾ, ಎಲೈಸಾನಾ?

ಕಾರ್ಡ್ ನೀವು ನೋಡಿರುತ್ತೀರಿ, ಪ್ರೆಗ್ನೆನ್ಸಿ ಟೆಸ್ಟ್ ಪಟ್ಟಿಯ ಹಾಗೆ ಇರುತ್ತದೆ. ಒಂದು ಕಡೆ ಎನ್‌ಎಸ್1 ಕಿಟಕಿ, ಇನ್ನೊಂದು ಕಡೆ ಐಜಿಎಂ, ಐಜಿಜಿ ಕಿಟಕಿ. ಸೀರಂ, ಅಂದರೆ ರಕ್ತದಿಂದ ಬೇರ್ಪಡಿಸಿದ ತಿಳಿಹಳದಿ ನೀರಿನ ಹನಿ ಹಾಕಿ, ಕಾರ್ಡಿನ ಜೊತೆ ಬರುವ ದ್ರಾವಣ ಬಿಟ್ಟರೆ ಹದಿನೈದು ಇಪ್ಪತ್ತು ನಿಮಿಷದಲ್ಲಿ ಗೆರೆ ಮೂಡುತ್ತದೆ. "ಸಿ" ಅಂತ ಬರೆದಿರುವ ಜಾಗದಲ್ಲಿ ಗೆರೆ ಬರಲೇಬೇಕು. ಬರದಿದ್ದರೆ ಆ ಕಾರ್ಡ್ ಕೆಟ್ಟಿದೆ ಅಂತ ಅರ್ಥ, ಹೊಸ ಕಾರ್ಡಿನಲ್ಲಿ ಮತ್ತೆ ಮಾಡಬೇಕು.

ಕಷ್ಟ ಇರುವುದು ಮಸುಕು ಗೆರೆಯಲ್ಲಿ. "ಎಂ" ಹತ್ತಿರ ನೆರಳಿನ ಹಾಗೆ ಏನೋ ಕಾಣುತ್ತದೆ. ಟ್ಯೂಬ್‌ಲೈಟ್ ಕೆಳಗೆ ಇದೆ ಅನಿಸುತ್ತದೆ, ಕಿಟಕಿ ಹತ್ತಿರ ಹೋಗಿ ನೋಡಿದರೆ ಇಲ್ಲ ಅನಿಸುತ್ತದೆ. ಒಬ್ಬಳೇ ನಿರ್ಧರಿಸಲು ಹೋಗುವುದಿಲ್ಲ, ಜೊತೆಗಿರುವವರನ್ನು ಕರೆದು ತೋರಿಸುತ್ತೇನೆ. ಹೇಳಿದ ಸಮಯದೊಳಗೆ ಮೂಡಿದ್ದರೆ ಮಸುಕಾದರೂ ಅದು ಗೆರೆಯೇ. ಒಂದು ಗಂಟೆ ಬಿಟ್ಟು ನೋಡಿದಾಗ ಕಂಡ ಗೆರೆಗೆ ಬೆಲೆ ಇಲ್ಲ. ಕಾರ್ಡನ್ನು ಮನೆಗೆ ಒಯ್ದು ಸಂಜೆ ಮತ್ತೆ ನೋಡಿ ಗಾಬರಿಯಾಗಿ ಫೋನ್ ಮಾಡಿದವರೂ ಇದ್ದಾರೆ! ಮಳೆಗಾಲದಲ್ಲಿ ಇನ್ನೊಂದು ಕಾಟ ಇದೆ. ಕಾರ್ಡಿನ ಪೊಟ್ಟಣ ಒಡೆದು ಮೇಜಿನ ಮೇಲೆ ಬಿಟ್ಟರೆ ತೇವ ಹೀರಿಕೊಳ್ಳುತ್ತದೆ. ನಿಮ್ಮ ಎದುರೇ ಪೊಟ್ಟಣ ಒಡೆದರೆ ಒಳ್ಳೆಯದು. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳಬಾರದು.

ಎಲೈಸಾ ಅಂದರೆ ಬಣ್ಣವನ್ನು ಯಂತ್ರದಲ್ಲಿ ಅಳೆದು ಹೇಳುವ ಲ್ಯಾಬ್ ವಿಧಾನ, ಅದರಲ್ಲಿ ಕೆಲಸ ಜಾಸ್ತಿ. 96 ಪುಟ್ಟ ಗುಂಡಿಗಳಿರುವ ಪ್ಲಾಸ್ಟಿಕ್ ತಟ್ಟೆ, ನೋಡಲು ಪಡ್ಡಿನ ಕಾವಲಿಯ ತಮ್ಮನ ಹಾಗೆ. ಒಂದೊಂದು ಗುಂಡಿಗೂ ಒಬ್ಬೊಬ್ಬರ ಸೀರಂ. ಐಜಿಎಂ ಎಲೈಸಾದಲ್ಲಿ ಗುಂಡಿಯ ತಳಕ್ಕೆ ಮೊದಲೇ ಒಂದು ಬಲೆ ಬಳಿದಿರುತ್ತಾರೆ. ಅದು ಸೀರಂನಲ್ಲಿರುವ ಐಜಿಎಂಗಳನ್ನೆಲ್ಲ ಹಿಡಿದುಕೊಳ್ಳುತ್ತದೆ. ಆಮೇಲೆ ಡೆಂಗ್ಯೂ ವೈರಸ್ಸಿನ ತುಣುಕು ಹಾಕುತ್ತೇವೆ. ಹಿಡಿದ ಐಜಿಎಂ ಡೆಂಗ್ಯೂವಿನದ್ದಾಗಿದ್ದರೆ ತುಣುಕು ಅದಕ್ಕೆ ಅಂಟುತ್ತದೆ, ಇಲ್ಲದಿದ್ದರೆ ತೊಳೆದಾಗ ಹೋಗಿಬಿಡುತ್ತದೆ. ತೊಳೆಯುವುದು, ಕಾಯುವುದು, ಮತ್ತೆ ತೊಳೆಯುವುದು. ಕೊನೆಗೆ ಬಣ್ಣದ ದ್ರಾವಣ ಹಾಕಿದಾಗ ಪಾಸಿಟಿವ್ ಗುಂಡಿಗಳು ನೀಲಿ ಆಗುತ್ತವೆ. ಅದನ್ನು ನಿಲ್ಲಿಸಲು ಆಮ್ಲದ ಹನಿ ಬಿಟ್ಟ ಕೂಡಲೇ ನೀಲಿ ಹೋಗಿ ಅರಿಶಿನದ ಬಣ್ಣ. ಎಷ್ಟು ವರ್ಷ ಆದರೂ ಆ ಕ್ಷಣ ನೋಡಲು ನನಗೆ ಇಷ್ಟ. ಆ ಅರಿಶಿನ ಎಷ್ಟು ಗಾಢ ಅನ್ನುವುದನ್ನು ಯಂತ್ರ ಅಳೆದು ಅಂಕಿ ಕೊಡುತ್ತದೆ, ಕಣ್ಣಿನ ಅಂದಾಜಿಗೆ ಅಲ್ಲಿ ಜಾಗ ಇಲ್ಲ.

ಅದಕ್ಕೇ ಡೆಂಗ್ಯೂ ಖಚಿತ ಅನ್ನಬೇಕಾದರೆ ಸರ್ಕಾರ ಎಲೈಸಾವನ್ನೇ ಕೇಳುತ್ತದೆ. ಕಾರ್ಡಿನಲ್ಲಿ ಪಾಸಿಟಿವ್ ಬಂದರೆ ಅದನ್ನು "ಇರಬಹುದು" ಅನ್ನುವ ಪಟ್ಟಿಗೆ ಹಾಕುತ್ತಾರೆ. ಇದಕ್ಕಾಗಿ ಸರ್ಕಾರ ಗುರುತಿಸಿರುವ ಆಸ್ಪತ್ರೆಗಳಿಗೆ ಐಜಿಎಂ ಎಲೈಸಾ ಕಿಟ್ ಬರುವುದು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಿಂದ. ಜಿಲ್ಲಾಸ್ಪತ್ರೆ, ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಈ ಟೆಸ್ಟ್ ಉಚಿತ. ಸಾಲು ಉದ್ದ ಇರುತ್ತದೆ ಅನ್ನುವುದು ನಿಜ, ಆದರೆ ಟೆಸ್ಟ್ ಯಾವ ದೊಡ್ಡ ಖಾಸಗಿ ಲ್ಯಾಬಿಗೂ ಕಡಿಮೆಯದಲ್ಲ.

ಎಲೈಸಾ ರಿಪೋರ್ಟ್ ತಡ ಆಗುವುದಕ್ಕೂ ಕಾರಣ ಇದೆ. ತಟ್ಟೆ ಓಡಿಸಿದ ಪ್ರತಿ ಸಲವೂ ಪಾಸಿಟಿವ್, ನೆಗೆಟಿವ್ ಅಂತ ಗೊತ್ತಿರುವ ಮಾದರಿಗಳನ್ನು ಜೊತೆಗೆ ಹಾಕಬೇಕು. ಒಬ್ಬರಿಗಾಗಿ ಅಷ್ಟನ್ನೂ ಮಾಡಿದರೆ ಕಿಟ್ ಬೇಗ ಖಾಲಿ. ಹಾಗಾಗಿ ಹತ್ತಿಪ್ಪತ್ತು ಸ್ಯಾಂಪಲ್ ಸೇರುವವರೆಗೆ ಕಾಯುತ್ತಾರೆ. ಬೆಳಿಗ್ಗೆ ಬೇಗ ಕೊಟ್ಟರೆ ಅವತ್ತಿನ ತಟ್ಟೆಗೆ ಸೇರುವ ಸಾಧ್ಯತೆ ಜಾಸ್ತಿ. "ಇವತ್ತು ಎಷ್ಟು ಗಂಟೆಗೆ ಎಲೈಸಾ ಹಾಕ್ತೀರಿ?" ಅಂತ ಮೊದಲೇ ಕೇಳಿಬಿಡಿ.

ದರದ ವಿಷಯ. 2024ರ ಮಳೆಗಾಲದಲ್ಲಿ ಡೆಂಗ್ಯೂ ಜೋರಾದಾಗ ಕರ್ನಾಟಕ ಸರ್ಕಾರ ಖಾಸಗಿ ಲ್ಯಾಬ್‌ಗಳಿಗೆ ಮಿತಿ ಹಾಕಿತು. ಎನ್‌ಎಸ್1 ಎಲೈಸಾಗೆ 300 ರೂಪಾಯಿ, ಐಜಿಎಂ ಎಲೈಸಾಗೆ 300, ಮೂರೂ ಇರುವ ಕಾರ್ಡ್ ಟೆಸ್ಟಿಗೆ 250. ಬಿಲ್ಲಿನಲ್ಲಿ "ಡೆಂಗ್ಯೂ ಪ್ರೊಫೈಲ್" ಅಂತ ಒಂದೇ ಸಾಲು ಬರೆದಿದ್ದರೆ ಅದರೊಳಗೆ ಏನೇನಿದೆ, ಕಾರ್ಡಾ ಎಲೈಸಾನಾ ಅಂತ ಬಿಡಿಸಿ ಕೇಳಿ. ಪ್ರೊಫೈಲ್ ಅನ್ನುವ ಪದದ ಹಿಂದೆ ಬೇಕಿಲ್ಲದ ಟೆಸ್ಟ್‌ಗಳೂ ಸುಮ್ನೆ ಬಂದು ಕೂತಿರುತ್ತವೆ.

ರಕ್ತ ಕೊಡುವಾಗ

ಖಾಲಿ ಹೊಟ್ಟೆ ಬೇಕಿಲ್ಲ. ಜ್ವರ ಬಂದವರನ್ನು ಬೆಳಿಗ್ಗೆಯಿಂದ ಉಪವಾಸ ಇರಿಸಿ ಕರೆತರಬೇಡಿ. ಗಂಜಿ ಕುಡಿಸಿ, ನೀರು ಕುಡಿಸಿ. ಮೈಯಲ್ಲಿ ನೀರಿದ್ದರೆ ನರ ಸಿಗುವುದೂ ಸುಲಭ.

ಎರಡು ಟ್ಯೂಬ್ ತೆಗೆಯುತ್ತೇವೆ. ಕೆಂಪು ಅಥವಾ ಹಳದಿ ಮುಚ್ಚಳದ್ದು ಪ್ರತಿಕಾಯಗಳಿಗೆ, ನೇರಳೆ ಮುಚ್ಚಳದ್ದು ರಕ್ತಕಣ ಎಣಿಸುವ ಸಿಬಿಸಿಗೆ. ಮೊದಲನೆಯದನ್ನು ಹೆಪ್ಪುಗಟ್ಟಲು ಬಿಟ್ಟು, ಗಿರಗಿರ ತಿರುಗಿಸಿ, ಮೇಲೆ ನಿಲ್ಲುವ ತಿಳಿಹಳದಿ ಸೀರಂ ತೆಗೆಯುತ್ತೇವೆ. ಎರಡನೆಯದು ಹೆಪ್ಪುಗಟ್ಟಲೇಬಾರದು. ಇದು ಯಾಕೆ ಮುಖ್ಯ ಅಂತ ಪ್ಲೇಟ್‌ಲೆಟ್ ವಿಷಯಕ್ಕೆ ಬಂದಾಗ ಹೇಳುತ್ತೇನೆ.

ಟ್ಯೂಬಿನ ಮೇಲೆ ಹೆಸರು, ವಯಸ್ಸು ನಿಮ್ಮ ಎದುರೇ ಬರೆಸಿ. ಅರ್ಜಿಯಲ್ಲಿ "ಜ್ವರದ ದಿನ" ಅಂತ ಜಾಗ ಇದ್ದರೆ ತುಂಬಿಸಿ, ಇಲ್ಲದಿದ್ದರೆ ಮೂಲೆಯಲ್ಲಿ ಪೆನ್ನಿನಿಂದಲೇ ಬರೆಯಿರಿ. ಹಿಂದೆ ಡೆಂಗ್ಯೂ ಆಗಿದ್ದರೆ ಅದನ್ನೂ ಹೇಳಿ.

ರಿಪೋರ್ಟ್ ಕೈಗೆ ಬಂತು, ಈಗ?

ಮೊದಲು ಯಾವ ವಿಧಾನ ಅಂತ ನೋಡಿ. ಕಾರ್ಡಿನದಾದರೆ ಪಾಸಿಟಿವ್, ನೆಗೆಟಿವ್ ಅಷ್ಟೇ ಇರುತ್ತದೆ. ಎಲೈಸಾ ಆದರೆ ಒಂದು ಅಂಕಿ, ಪಕ್ಕದಲ್ಲಿ ಆ ಕಿಟ್ಟಿನ ಮಿತಿ ಇರುತ್ತದೆ. ಕೆಲವು ಕಿಟ್‌ಗಳಲ್ಲಿ 0.9ಕ್ಕಿಂತ ಕಡಿಮೆ ನೆಗೆಟಿವ್, 1.1ಕ್ಕಿಂತ ಹೆಚ್ಚು ಪಾಸಿಟಿವ್, ನಡುವಿನದು ಸಂಶಯದ ವಲಯ. ಇನ್ನು ಕೆಲವು ಕಿಟ್‌ಗಳು ಅದನ್ನೇ 9, 11 ಅಂತ ಬರೆಯುತ್ತವೆ. ಹಾಗಾಗಿ ನಿಮ್ಮ ಅಂಕಿಯನ್ನು ಪಕ್ಕದ ಮನೆಯವರ ಅಂಕಿಯ ಜೊತೆ ಹೋಲಿಸಬೇಡಿ. "ಅವರದ್ದು 30 ಇತ್ತು, ನಂದು 3 ಇದೆ, ಹಾಗಾದ್ರೆ ನಂದು ಕಮ್ಮಿ ಅಲ್ವಾ?" ಅಂತ ಒಬ್ಬರು ಕೇಳಿದ್ದರು. ಕಿಟ್ ಬೇರೆ, ಅಳತೆ ಬೇರೆ. ಒಂದೇ ಕಿಟ್ ಆಗಿದ್ದರೂ ಅಂಕಿ ದೊಡ್ಡದಾದ ಮಾತ್ರಕ್ಕೆ ಕಾಯಿಲೆ ಜೋರು ಅಂತ ಅಲ್ಲ.

ಎನ್‌ಎಸ್1 ಪಾಸಿಟಿವ್ ಬಂದು ಉಳಿದೆರಡು ನೆಗೆಟಿವ್ ಇದ್ದರೆ ಕಾಯಿಲೆ ಹೊಸದು, ಬಹುಶಃ ಮೊದಲ ಸಲದ್ದು. ಎನ್‌ಎಸ್1 ಜೊತೆ ಐಜಿಜಿಯೂ ಪಾಸಿಟಿವ್ ಇದ್ದರೆ ಹಿಂದೆ ಯಾವಾಗಲೋ ಒಮ್ಮೆ ಬಂದು ಹೋಗಿರಬೇಕು, ಇದು ಎರಡನೇ ಸುತ್ತು. ಅಂಥವರ ಮೇಲೆ ಡಾಕ್ಟರ್ ಹೆಚ್ಚು ಕಣ್ಣಿಡುತ್ತಾರೆ. ಐಜಿಎಂ ಮಾತ್ರ ಪಾಸಿಟಿವ್ ಇದ್ದು ಜ್ವರದ ಆರು ಏಳನೇ ದಿನ ಆಗಿದ್ದರೆ ಅದು ಡೆಂಗ್ಯೂವಿಗೇ ಹೊಂದುತ್ತದೆ. ಅದೇ ಐಜಿಎಂ ಜ್ವರದ ಮೊದಲ ದಿನವೇ ಪಾಸಿಟಿವ್ ಬಂದರೆ ಅನುಮಾನ ಪಡಿ. ಎರಡು ತಿಂಗಳ ಹಿಂದೆ ಬಂದು ಹೋದ ಡೆಂಗ್ಯೂವಿನ ಉಳಿಕೆ ಇರಬಹುದು, ಈಗಿನ ಜ್ವರ ಬೇರೆ ಏನೋ ಆಗಿರಬಹುದು.

ಜನ ಹೆಚ್ಚು ಹೆದರುವುದು ಐಜಿಜಿ ಮಾತ್ರ ಪಾಸಿಟಿವ್ ಬಂದಾಗ. ಸಾಮಾನ್ಯವಾಗಿ ಅದು ಹಳೆಯ ಕಥೆ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ 2017-18ರಲ್ಲಿ 15 ರಾಜ್ಯಗಳಲ್ಲಿ 5ರಿಂದ 45 ವರ್ಷದವರ ರಕ್ತ ಪರೀಕ್ಷಿಸಿದಾಗ ಹೆಚ್ಚುಕಡಿಮೆ ಅರ್ಧ ಜನರಲ್ಲಿ ಡೆಂಗ್ಯೂ ಐಜಿಜಿ ಇತ್ತು. ದಕ್ಷಿಣದ ರಾಜ್ಯಗಳಲ್ಲಿ ಅದು ನೂರಕ್ಕೆ ಸುಮಾರು 77. ಅಂದರೆ ನಮ್ಮ ಕಡೆ ನಾಲ್ವರಲ್ಲಿ ಮೂವರು ಡೆಂಗ್ಯೂವನ್ನು ಗೊತ್ತಿದ್ದೋ ಗೊತ್ತಿಲ್ಲದೆಯೋ ದಾಟಿ ಬಂದವರು. "ನನಗೆ ಯಾವತ್ತೂ ಡೆಂಗ್ಯೂ ಬಂದೇ ಇಲ್ಲ" ಅಂತ ಜಗಳ ಆಡುವವರಿಗೆ ಇದನ್ನೇ ಹೇಳುತ್ತೇನೆ. ಎಷ್ಟೋ ಸಲ ಅದು ಎರಡು ದಿನದ ಮಾಮೂಲಿ ಜ್ವರದ ಹಾಗೆ ಬಂದು ಹೋಗಿರುತ್ತದೆ.

ಆದರೂ ಈಗ ಜೋರು ಜ್ವರ ಇದ್ದು, ನಾಲ್ಕೈದನೇ ದಿನ ಐಜಿಜಿ ಒಂದೇ ಗಟ್ಟಿಯಾಗಿ ಪಾಸಿಟಿವ್ ಬಂದರೆ ಅದನ್ನು ಹಳೇದು ಅಂತ ಬದಿಗಿಡಬೇಡಿ. ಎರಡನೇ ಸಲದ ಡೆಂಗ್ಯೂವಿನಲ್ಲಿ ಎನ್‌ಎಸ್1 ಬೇಗ ಮಾಯವಾಗುತ್ತದೆ, ಐಜಿಎಂ ಏಳದೇ ಇರಬಹುದು ಅಂದೆನಲ್ಲ, ಅದು ಇದೇ. ಎರಡು ವಾರ ಬಿಟ್ಟು ಇನ್ನೊಮ್ಮೆ ರಕ್ತ ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟು ಅಳೆದು, ನಾಲ್ಕು ಪಟ್ಟು ಏರಿದ್ದರೆ ಖಚಿತ ಅನ್ನುವುದು ಪುಸ್ತಕದ ದಾರಿ. ಅಷ್ಟು ಹೊತ್ತಿಗೆ ಜ್ವರ ಬಿಟ್ಟು ಕೆಲಸಕ್ಕೆ ಹೋಗಿರುತ್ತಾರೆ, ಎರಡನೇ ಸಲ ರಕ್ತ ಕೊಡಲು ಯಾರು ಬರುತ್ತಾರೆ ಹೇಳಿ.

ಎಳೆ ಮಕ್ಕಳ ಐಜಿಜಿಗೆ ಬೇರೆಯದೇ ಲೆಕ್ಕ. ತಾಯಿಯ ಐಜಿಜಿ ಹೊಟ್ಟೆಯಲ್ಲಿದ್ದಾಗಲೇ ಮಗುವಿಗೆ ದಾಟಿರುತ್ತದೆ, ಕೆಲವು ತಿಂಗಳು ಉಳಿಯುತ್ತದೆ. ಐದು ತಿಂಗಳ ಕೂಸಿನ ಐಜಿಜಿ ಅಮ್ಮನದೇ ಇರಬಹುದು.

ಮೂರೂ ನೆಗೆಟಿವ್ ಬಂದರೆ ಮತ್ತೆ ಕ್ಯಾಲೆಂಡರ್ ನೋಡಿ. ಎರಡನೇ ದಿನದ ನೆಗೆಟಿವ್ ಆಗಿದ್ದು ಜ್ವರ ಬಿಡದಿದ್ದರೆ ಐದಾರನೇ ದಿನ ಐಜಿಎಂ ಮಾಡಿಸಬೇಕಾಗುತ್ತದೆ. ಎಂಟನೇ ದಿನದ್ದಾಗಿದ್ದರೆ ಬೇರೆ ಕಾಯಿಲೆಯ ಕಡೆ ನೋಡುವುದು ಜಾಣತನ. ಕರಾವಳಿಯವರಾದರೆ ಇಲಿ ಜ್ವರ, ಮಲೇರಿಯಾ ಎರಡನ್ನೂ ಡಾಕ್ಟರ್ ಹತ್ತಿರ ಕೇಳಿ.

ಒಂದೇ ವಂಶದ ವೈರಸ್‌ಗಳು

ಪ್ರತಿಕಾಯ ಪರೀಕ್ಷೆಗೆ ಒಂದು ದೌರ್ಬಲ್ಯ ಇದೆ. ಅಣ್ಣನನ್ನು ನೋಡಿ ತಮ್ಮ ಅಂದುಕೊಳ್ಳುತ್ತದೆ. ಡೆಂಗ್ಯೂ, ಜೀಕಾ, ಮೆದುಳು ಜ್ವರ ತರುವ ಜಪಾನೀಸ್ ಎನ್ಸೆಫಲೈಟಿಸ್, ನಮ್ಮ ಮಲೆನಾಡಿನ ಮಂಗನ ಕಾಯಿಲೆ, ಈ ನಾಲ್ಕರ ವೈರಸ್‌ಗಳೂ ಒಂದೇ ವಂಶ. ಒಂದರ ವಿರುದ್ಧ ಹುಟ್ಟಿದ ಪ್ರತಿಕಾಯ ಇನ್ನೊಂದರ ಟೆಸ್ಟಿಗೂ ಅಂಟಿಕೊಳ್ಳಬಹುದು. ನಮ್ಮ ರಾಜ್ಯದ ಹಲವು ಜಿಲ್ಲೆಗಳಲ್ಲಿ ಮಕ್ಕಳಿಗೆ ಜಪಾನೀಸ್ ಎನ್ಸೆಫಲೈಟಿಸ್ ಲಸಿಕೆ ಹಾಕುತ್ತಾರೆ. ಹಾಕಿಸಿದ್ದರೆ ಟೆಸ್ಟಿನವರಿಗೆ ತಿಳಿಸಿ, ಐಜಿಜಿ ಓದುವಾಗ ಅದು ಬೇಕಾಗುತ್ತದೆ.

ಮಂಗನ ಕಾಯಿಲೆ ಮೊದಲು ಗೊತ್ತಾದದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ಅದು ಹರಡುವುದು ಉಣ್ಣೆ (ಉಣುಗು) ಅನ್ನುವ ರಕ್ತ ಹೀರುವ ಹುಳದಿಂದ, ಹೆಚ್ಚಾಗಿ ಡಿಸೆಂಬರಿನಿಂದ ಮೇ ತನಕ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರಿನ ಕಾಡಂಚಿನವರು ಆ ತಿಂಗಳುಗಳಲ್ಲಿ ಸೌದೆಗೋ ದರಗಿಗೋ (ಒಣಗಿದ ಎಲೆಗೋ) ಹೋಗಿ ಬಂದು ಜ್ವರ ಹಿಡಿದರೆ, ಡೆಂಗ್ಯೂ ಕಾರ್ಡಿನಲ್ಲಿ ಗೆರೆ ಬಂತು ಅಂತ ಅಲ್ಲಿಗೇ ನಿಲ್ಲಬೇಡಿ. ಮಂಗನ ಕಾಯಿಲೆಗೆ ಬೇರೆಯೇ ಟೆಸ್ಟ್ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೇಳಿದರೆ ಸ್ಯಾಂಪಲ್ ಕಳಿಸಿಕೊಡುತ್ತಾರೆ.

ಚಿಕನ್‌ಗುನ್ಯಾ ಈ ವಂಶದ್ದಲ್ಲ, ಕಚ್ಚುವ ಸೊಳ್ಳೆ ಮಾತ್ರ ಅದೇ. ಅದಕ್ಕೂ ಬೇರೆ ಐಜಿಎಂ ಟೆಸ್ಟ್ ಇದೆ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮಲ್ಲಿ ಜ್ವರ ಅಂದರೆ ಡೆಂಗ್ಯೂ ಜೊತೆ ವೈಡಲ್ ಟೆಸ್ಟನ್ನೂ ಬರೆಯುವುದು ಒಂದು ರೂಢಿ. ಅದೂ ಪ್ರತಿಕಾಯ ಟೆಸ್ಟೇ, ಟೈಫಾಯಿಡ್‌ಗೆ. ಹಳೆಯ ಸೋಂಕು, ಹಳೆಯ ಲಸಿಕೆ, ಬೇರೆ ಜ್ವರ ಎಲ್ಲಕ್ಕೂ ಅದು ಸ್ವಲ್ಪ ಸ್ವಲ್ಪ ಪಾಸಿಟಿವ್ ತೋರಿಸುತ್ತದೆ. "ಡೆಂಗ್ಯೂನೂ ಇದೆ, ಟೈಫಾಯಿಡೂ ಇದೆ" ಅಂತ ಹೆದರಿಕೊಂಡು ಬರುವವರಲ್ಲಿ ಬಹಳ ಜನರದ್ದು ಈ ವೈಡಲ್ ಗೆರೆಯ ಮಹಿಮೆ. ಟೈಫಾಯಿಡ್ ಅನುಮಾನ ನಿಜವಾಗಿ ಇದ್ದರೆ ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿರುವ ರೋಗಾಣುವನ್ನೇ ಬೆಳೆಸಿ ನೋಡುವ ಟೆಸ್ಟ್ ಬಗ್ಗೆ ಡಾಕ್ಟರನ್ನು ಕೇಳಿ. ಆಂಟಿಬಯೋಟಿಕ್ ಶುರು ಮಾಡುವ ಮೊದಲು ರಕ್ತ ತೆಗೆದರೆ ಅದು ಚೆನ್ನಾಗಿ ಹೇಳುತ್ತದೆ.

ಪ್ಲೇಟ್‌ಲೆಟ್ ಅನ್ನುವ ಗುಮ್ಮ

ಡೆಂಗ್ಯೂ ಗೊತ್ತಾದ ಮೇಲೆ ಪ್ರತಿಕಾಯ ಟೆಸ್ಟ್ ಮತ್ತೆ ಮತ್ತೆ ಬೇಕಿಲ್ಲ. ಪಾಸಿಟಿವ್ ಬಂತು, ಅದರ ಕೆಲಸ ಮುಗೀತು. ದಿನಾ ನೋಡಬೇಕಾದದ್ದು ಸಿಬಿಸಿ. ಅದರಲ್ಲಿ ಎಲ್ಲರೂ ನೋಡುವುದು ಪ್ಲೇಟ್‌ಲೆಟ್ ಒಂದನ್ನೇ. ಒಂದೂವರೆ ಲಕ್ಷಕ್ಕಿಂತ ಕೆಳಗೆ ಇಳಿದ ಕೂಡಲೇ ಫೋನ್‌ಗಳು ಶುರು, ಪಪ್ಪಾಯಿ ಎಲೆ ಹುಡುಕಾಟ ಶುರು. ಡಾಕ್ಟರುಗಳು ಅದರ ಪಕ್ಕದಲ್ಲೇ ಇರುವ ಹೆಮಟೋಕ್ರಿಟ್ ಅನ್ನುವ ಅಂಕಿಯನ್ನೂ ಅಷ್ಟೇ ಗಮನದಿಂದ ನೋಡುತ್ತಾರೆ. ಪಿಸಿವಿ ಅಂತಲೂ ಬರೆದಿರುತ್ತದೆ. ರಕ್ತನಾಳದಿಂದ ನೀರಿನಂಶ ಸೋರಿ ರಕ್ತ ಗಟ್ಟಿಯಾಗುತ್ತಿದ್ದರೆ ಅದು ಏರುತ್ತದೆ. ಡೆಂಗ್ಯೂವಿನಲ್ಲಿ ನಿಜವಾದ ಅಪಾಯ ಈ ಸೋರಿಕೆಯೇ. ರಕ್ತಸ್ರಾವ ಇಲ್ಲದಿದ್ದರೆ ಪ್ಲೇಟ್‌ಲೆಟ್ ಹತ್ತು ಸಾವಿರದ ಹತ್ತಿರ ಬರುವವರೆಗೆ ಸಾಮಾನ್ಯವಾಗಿ ಹೊರಗಿನಿಂದ ಕೊಡುವುದಿಲ್ಲ.

ನೇರಳೆ ಮುಚ್ಚಳದ ಟ್ಯೂಬ್ ಅಂದೆನಲ್ಲ. ಒಮ್ಮೆ ನಾಲ್ಕು ವರ್ಷದ ಹುಡುಗಿಯನ್ನು ಕರೆತಂದರು. ಕೈಕಾಲು ಬಡಿದು ಅತ್ತಳು, ರಕ್ತ ಹನಿ ಹನಿಯಾಗಿ ಬಂತು. ಯಂತ್ರ 38 ಸಾವಿರ ಪ್ಲೇಟ್‌ಲೆಟ್ ತೋರಿಸಿತು. ತಂದೆ ಆಗಲೇ ದೊಡ್ಡ ಊರಿಗೆ ಕಾರು ಬುಕ್ ಮಾಡುತ್ತಿದ್ದರು. ಮಗು ನೋಡಿದರೆ ಬಿಸ್ಕತ್ತು ಕೇಳುತ್ತಿದೆ. ನನಗೆ ಸಮಾಧಾನ ಆಗಲಿಲ್ಲ. ಟ್ಯೂಬನ್ನು ಓರೆ ಮಾಡಿ ನೋಡಿದರೆ ತಳದಲ್ಲಿ ಸಾಸಿವೆ ಕಾಳಿನಷ್ಟು ಹೆಪ್ಪು. ಪ್ಲೇಟ್‌ಲೆಟ್‌ಗಳು ಅದರಲ್ಲೇ ಸಿಕ್ಕಿಕೊಂಡಿದ್ದವು, ಯಂತ್ರದ ಕಣ್ಣಿಗೆ ಬಿದ್ದಿರಲಿಲ್ಲ. ಮತ್ತೆ ತೆಗೆದಾಗ 1 ಲಕ್ಷ 62 ಸಾವಿರ. ಒಂದು ದಿನದಲ್ಲಿ ಅಂಕಿ ಸಿಕ್ಕಾಪಟ್ಟೆ ಬಿದ್ದಿದ್ದರೆ, ರೋಗಿ ನೋಡಲು ಚೆನ್ನಾಗಿದ್ದರೆ, "ಸ್ಮಿಯರ್ ಮಾಡಿ (ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ) ಮೈಕ್ರೋಸ್ಕೋಪಿನಲ್ಲಿ ನೋಡಿದ್ದೀರಾ?" ಅಂತ ಕೇಳುವುದು ನಿಮ್ಮ ಹಕ್ಕು.

ರಿಪೋರ್ಟಿಗೆ ಕಾಯಬಾರದ ಹೊತ್ತು

ತಡೆಯಲಾಗದ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡು ಅಥವಾ ಮೂಗಿನಲ್ಲಿ ರಕ್ತ, ಕಪ್ಪು ಮಲ, ಉಸಿರಾಟಕ್ಕೆ ಕಷ್ಟ, ತಣ್ಣಗಾದ ಕೈಕಾಲು, ಆರು ತಾಸು ಕಳೆದರೂ ಮೂತ್ರ ಇಲ್ಲ, ಮಂಕಾಗಿ ಮಲಗಿಬಿಟ್ಟಿದ್ದಾರೆ ಅಥವಾ ಸುಮ್ಮನೆ ಚಡಪಡಿಸುತ್ತಾರೆ. ಇವುಗಳಲ್ಲಿ ಒಂದು ಕಂಡರೂ ಟೆಸ್ಟ್ ಮರೆತುಬಿಡಿ, ನೇರ ಆಸ್ಪತ್ರೆಗೆ ಹೋಗಿ. ಗರ್ಭಿಣಿ, ಕೂಸು, ವಯಸ್ಸಾದವರು, ಸಕ್ಕರೆ ಕಾಯಿಲೆಯವರು ಇಷ್ಟರವರೆಗೂ ಕಾಯಬಾರದು, ಜ್ವರ ಬಂದ ಕೂಡಲೇ ಡಾಕ್ಟರಿಗೆ ತೋರಿಸಿ.

ತುಂಬಾ ಜನ ಎಡವುವುದು ಜ್ವರ ಇಳಿದ ದಿನ. ನಾಲ್ಕನೇ ಐದನೇ ದಿನ ಮೈ ತಣ್ಣಗಾಗುತ್ತದೆ, ಮನೆಯವರು ದೇವರಿಗೆ ಕೈಮುಗಿದು ನಿಟ್ಟುಸಿರು ಬಿಡುತ್ತಾರೆ. ಸೋರಿಕೆ ಶುರುವಾಗುವುದು ಹೆಚ್ಚಾಗಿ ಆಗಲೇ. ಅಲ್ಲಿಂದ ಮುಂದಿನ 24ರಿಂದ 48 ಗಂಟೆ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳಬೇಕು. ಮತ್ತೆ, ಮೈಕೈ ನೋವು ಅಂತ ಮೆಡಿಕಲ್ ಶಾಪಿನಿಂದ ಐಬುಪ್ರೊಫೇನ್, ಡೈಕ್ಲೋಫಿನಾಕ್, ಆಸ್ಪಿರಿನ್ ತಂದು ನುಂಗಬೇಡಿ. ರಕ್ತಸ್ರಾವ ಹೆಚ್ಚಾಗಬಹುದು. ಹೃದಯಕ್ಕೆ ಅಂತ ಮೊದಲಿನಿಂದಲೇ ಆಸ್ಪಿರಿನ್ ತೆಗೆದುಕೊಳ್ಳುವವರು ನೀವಾಗಿಯೇ ನಿಲ್ಲಿಸಲೂ ಬೇಡಿ, ಡಾಕ್ಟರನ್ನು ಕೇಳಿ. ಜ್ವರಕ್ಕೆ ಪ್ಯಾರಾಸಿಟಮಾಲ್, ಅದೂ ಡಾಕ್ಟರ್ ಹೇಳಿದಷ್ಟೇ.

ವಾಸಿಯಾದ ಮೇಲೆ

ಪಾಸಿಟಿವ್ ಬಂದರೆ ಲ್ಯಾಬಿನವರು ಆರೋಗ್ಯ ಇಲಾಖೆಗೆ ತಿಳಿಸಲೇಬೇಕು. ಹಾಗಾಗಿ ಆಶಾ ಕಾರ್ಯಕರ್ತೆಯೋ ಆರೋಗ್ಯ ಸಹಾಯಕರೋ ಮನೆಗೆ ಬಂದು ಡ್ರಮ್ಮು, ತೊಟ್ಟಿ, ಫ್ರಿಡ್ಜಿನ ಹಿಂದಿನ ತಟ್ಟೆಯಲ್ಲೆಲ್ಲ ಟಾರ್ಚ್ ಬಿಟ್ಟು ಸೊಳ್ಳೆಯ ಮರಿಹುಳ ಹುಡುಕುತ್ತಾರೆ. ಸಿಟ್ಟು ಮಾಡಿಕೊಳ್ಳಬೇಡಿ, ಚಹಾ ಕೊಟ್ಟು ತೋರಿಸಿ.

ಮತ್ತೊಂದು ವಿಚಿತ್ರ ಬೇಡಿಕೆ ಈಚೆಗೆ ಬರುತ್ತಿದೆ. ಮಗು ಹುಷಾರಾಗಿ ಎರಡು ವಾರದ ಮೇಲೆ ಶಾಲೆಗೆ ಹೋದರೆ "ಡೆಂಗ್ಯೂ ನೆಗೆಟಿವ್ ರಿಪೋರ್ಟ್ ತನ್ನಿ" ಅನ್ನುತ್ತಾರಂತೆ. ಒಬ್ಬ ತಾಯಿ ಮೂರು ಸಲ ಬಂದರು, ಮೂರು ಸಲವೂ ಐಜಿಎಂ ಪಾಸಿಟಿವ್. ಬರದೆ ಇನ್ನೇನಾಗುತ್ತದೆ, ಅದು ಇಳಿಯಲು ಎರಡು ಮೂರು ತಿಂಗಳು ಬೇಕಲ್ಲ. ಡೆಂಗ್ಯೂ ಮಗುವಿನಿಂದ ಮಗುವಿಗೆ ಬೆಂಚಿನಲ್ಲಿ ಕೂತರೆ ಹರಡುವುದೂ ಇಲ್ಲ, ನಡುವೆ ಸೊಳ್ಳೆ ಬೇಕು. ಕೊನೆಗೆ ಡಾಕ್ಟರ ಹತ್ತಿರ ಕಳಿಸಿ "ಮಗು ಗುಣವಾಗಿದೆ, ಶಾಲೆಗೆ ಬರಬಹುದು" ಅಂತ ಎರಡು ಸಾಲು ಬರೆಸಿಕೊಟ್ಟೆವು. ನಿಮಗೂ ಹಾಗೆ ಕೇಳಿದರೆ ರಕ್ತ ಕೊಡಲು ಹೋಗಬೇಡಿ, ಆ ಎರಡು ಸಾಲು ಸಾಕು.

ರಿಪೋರ್ಟನ್ನು ಮಾತ್ರ ಎಸೆಯಬೇಡಿ. ಮೇಲೆ ಜ್ವರದ ಎಷ್ಟನೇ ದಿನದ್ದು ಅಂತ ಪೆನ್ನಿನಲ್ಲಿ ಬರೆದು, ರೇಷನ್ ಕಾರ್ಡ್ ಇಡುವ ಫೈಲಿನಲ್ಲೇ ಇಡಿ. ಮುಂದೆ ಯಾವತ್ತಾದರೂ ಜ್ವರ ಬಂದಾಗ "ಹಿಂದೆ ಡೆಂಗ್ಯೂ ಆಗಿತ್ತಾ?" ಅಂತ ಕೇಳುತ್ತಾರೆ. ಆಗ ಗಂಡ ಒಂದು, ಹೆಂಡತಿ ಇನ್ನೊಂದು ಹೇಳುವ ಬದಲು ಆ ಕಾಗದ ತೆಗೆದು ಕೊಡಬಹುದು.